ಓಡೋದು, ನಡೆಯೋದು, ತೆವಳೋದು, ಮಲಗೋದು

ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ. ವಯಸ್ಸು ನಲವತ್ತಾರು. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕುವುದು ನನ್ನ ಕೆಲಸಗಳಲ್ಲಿ ಒಂದು. ಬೀಗ ಹಾಕಿದ ಮೇಲೆ ನನ್ನ ಮೊಬೈಲ್ ತೆಗೆದು, ಬೆಂಕಿ ಉಗುಳುವ ಹಲ್ಲಿಗೂ ಕರೆಂಟು ಹೊಡೆಯುವ ಮುಂಗುಸಿಗೂ ಜಗಳ ಹಚ್ಚುವುದು ಇನ್ನೊಂದು.

ಈ ಚಟ ಹತ್ತಿದ್ದು ಶಿಸ್ತು ಕಲಿಸಲು ಹೋಗಿ. ಒಂಬತ್ತನೇ ತರಗತಿಯ ಒಬ್ಬಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಯಾವುದೋ ಮೊಬೈಲ್ ಆಟದ ಪ್ರಾಣಿಗಳ ವೇಗ, ಏಟು, ತಾಳಿಕೆ ಎಂದು ಅಂಕಿಗಳ ಕೋಷ್ಟಕ ಸಿಕ್ಕಿತು. ಬೈಯಲು ಹೊರಟವಳು ಸರಾಸರಿ ತಪ್ಪಾಗಿರುವುದನ್ನು ಕಂಡು ತಿದ್ದಲು ಕುಳಿತೆ. ಆ ಹುಡುಗಿ ಪಾಸಾಗಿ ಹೋದಳು, ನಾನು ಇನ್ನೂ ತಿದ್ದುತ್ತಿದ್ದೇನೆ.

ಆಟ ಸರಳ. ಇಬ್ಬರು ಆಟಗಾರರು, ತಲಾ ಆರು ಪ್ರಾಣಿ. ಒಂದು ಬಿದ್ದರೆ ಇನ್ನೊಂದನ್ನು ಇಳಿಸಬೇಕು, ಆರೂ ಬಿದ್ದರೆ ಸೋತ ಹಾಗೆ. ಇರುವ ನೂರಾರು ಪ್ರಾಣಿಗಳಲ್ಲಿ ಕೆಲಸಕ್ಕೆ ಬರುವ ಆರನ್ನು ಆರಿಸುವುದರಲ್ಲಿದೆ ಜಾಣತನವೆಲ್ಲ. ನಮ್ಮ ಜಿಲ್ಲೆಯ ಆಟಗಾರರದೊಂದು ಗುಂಪಿದೆ. ಮಾಲೂರಿನ ಕಾರ್ಖಾನೆಯವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಕ್ಯಾಲನೂರಿನ ಡೈರಿಯಲ್ಲಿ ಹಾಲು ಅಳೆಯುವವರು, ಎಲ್ಲರೂ ಇದ್ದಾರೆ. ಯಾವ ಪ್ರಾಣಿಯ ಯೋಗ್ಯತೆ ಎಷ್ಟು ಎಂದು ತೀರ್ಪು ಕೊಟ್ಟು ಪಟ್ಟಿ ಮಾಡುವವಳು ನಾನು. ಸ್ಕೂಲಿನಲ್ಲಿ ಯಾರೂ ಕೇಳದ ನನ್ನ ಮಾತಿಗೆ ಅಲ್ಲಿ ಭಾರಿ ಬೆಲೆ.

ಪಟ್ಟಿಯ ದರ್ಜೆಗಳಿಗೆ ಹೆಸರು ಕೊಟ್ಟವರು ಕೋಲಾರದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಸಾಹೇಬರು. ಮನೆಯಲ್ಲಿ ದಖನಿ, ಗಿರಾಕಿಗಳ ಜೊತೆ ಕನ್ನಡ ತೆಲುಗು ಎರಡೂ. "ಅಂಗಡೀಲಿ ಒಂದ್ ಡಿಸೈನ್ ಓಡ್ತದೆ, ಒಂದು ನಡೀತದೆ, ಒಂದು ತೆವಳ್ತದೆ, ಒಂದು ಮಲಗ್ತದೆ. ಇದಕ್ಕಿಂತ ಜಾಸ್ತಿ ಏನ್ ಬೇಕು ಮೇಡಂ?" ಎಂದರು. ನಿಜಕ್ಕೂ ಬೇಕಾಗಿರಲಿಲ್ಲ. ಅಂದಿನಿಂದ ನಮ್ಮ ಪ್ರಾಣಿಗಳಲ್ಲಿ ಓಡೋದು, ನಡೆಯೋದು, ತೆವಳೋದು, ಮಲಗೋದು ಎಂದು ನಾಲ್ಕೇ ಜಾತಿ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆಯಲ್ಲಿ ನಾವಿಬ್ಬರೇ. ಆಪರೇಷನ್ ಚೆನ್ನಾಗಿಯೇ ಆಯಿತು. ಕಳಿಸುವಾಗ ಡಾಕ್ಟರು, "ದಿನಾ ನಡೆಸಿ. ಈಗ ಮಲಗಿದರೆ ಮತ್ತೆ ಏಳುವುದು ಕಷ್ಟ," ಎಂದರು. ಮೊದಲ ವಾರ ವಾಕರ್ ಹಿಡಿದು ನಾಲ್ಕು ಹೆಜ್ಜೆ, ಆಮೇಲೆ ಹತ್ತು, ಆಮೇಲೆ ಹಾಲ್‌ನ ಗೋಡೆಯವರೆಗೆ. ನಾನು ಹೆಜ್ಜೆಗಳನ್ನು ಬರೆದಿಡುತ್ತಿದ್ದೆ. ಎಪ್ಪತ್ತೈದರ ಹೆಂಗಸಿಗೆ ಇದು ಒಳ್ಳೆಯ ಪ್ರಗತಿ ಎಂದು ಪ್ರೋಗ್ರೆಸ್ ಕಾರ್ಡ್ ಭಾಷೆಯಲ್ಲಿ ಹೊಗಳುತ್ತಲೂ ಇದ್ದೆ.

ಒಂದು ಬೆಳಿಗ್ಗೆ ಅಮ್ಮ ಏಳಲಿಲ್ಲ. "ಇವತ್ತು ಬೇಡ ಕಣೇ," ಎಂದಳು. ಮರುದಿನವೂ ಬೇಡ. ನೋವಾ ಎಂದರೆ ಇಲ್ಲ, ತಲೆಸುತ್ತಾ ಎಂದರೆ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದವಳು ಊಟಕ್ಕೆ ಮಾತ್ರ ಇತ್ತ ತಿರುಗುತ್ತಿದ್ದಳು. ಗದರಿದೆ, ಬೇಡಿಕೊಂಡೆ, ಕೊನೆಗೆ ಅತ್ತೂಬಿಟ್ಟೆ. ಎಂಟು ದಿನ ಹೀಗೇ ಹೋಯಿತು. ಇವಳು ಇನ್ನು ಹಾಸಿಗೆ ಬಿಟ್ಟು ಏಳುವುದಿಲ್ಲವೇನೋ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಒಂಬತ್ತನೆಯ ದಿನ ತಾಳ್ಮೆ ಕೆಟ್ಟು, "ಯಾಕಮ್ಮಾ ಹಿಂಗೆ ಹಟ ಮಾಡ್ತೀಯಾ?" ಎಂದು ಕೂಗಾಡಿದೆ.

ಅಮ್ಮ ಗೋಡೆಯನ್ನೇ ನೋಡುತ್ತ, "ನೀನೇ ಹೇಳಿದ್ಯಲ್ಲ. ಇನ್ನು ನಡಿಯಲ್ಲ, ಮಲಗ್ಸಿಬಿಡೋಣ ಅಂತ," ಎಂದಳು.

ನೆನಪಾಗಲು ಒಂದು ನಿಮಿಷ ಬೇಕಾಯಿತು. ಅಮ್ಮ ಮಲಗಿದ ಹಿಂದಿನ ಸಂಜೆ ಹಾಲ್‌ನಲ್ಲಿ ಕುಳಿತು ಸಾಹೇಬರಿಗೆ ವಾಯ್ಸ್ ಮೆಸೇಜ್ ಕಳಿಸಿದ್ದೆ. ಅವರಿಗೆ ಬೆನ್ನ ಮೇಲೆ ಬಂಡೆ ಹೊತ್ತ ಒಂದು ಆಮೆಯ ಮೇಲೆ ವಿಪರೀತ ಪ್ರೀತಿ. ಅದನ್ನು ತೆವಳುವ ದರ್ಜೆಯಿಂದ ನಡೆಯುವ ದರ್ಜೆಗೆ ಏರಿಸಿ ಎಂದು ವರ್ಷದಿಂದ ಬೆನ್ನು ಬಿದ್ದಿದ್ದರು. ನಾನು ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದ್ದು ಇಷ್ಟು: "ಇಲ್ಲ ಬಿಡಿ ಸಾಹೇಬ್ರೆ, ಇನ್ನು ನಡಿಯಲ್ಲ. ಏಳೋ ಹೊತ್ತಿಗೆ ಎದುರಿನವರು ಎರಡು ಕೆಲಸ ಮುಗಿಸಿರ್ತಾರೆ. ನಾನೂ ಎಷ್ಟು ದಿನ ಅಂತ ನೋಡ್ಲಿ? ಮಲಗ್ಸಿಬಿಡೋಣ."

ನಡೀತದೆ ಎಂದರೆ ಪ್ರಾಣಿ, ನಡೀತಾಳೆ ಎಂದರೆ ಅಮ್ಮ. ನಡಿಯಲ್ಲ ಎಂದರೆ ಯಾರು ಬೇಕಾದರೂ ಆಗಬಹುದು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಇಲ್ಲ ಎನ್ನುವಾಗ ನಮ್ಮ ಮಾತು ಯಾರನ್ನು ಕುರಿತದ್ದು ಎಂದು ಹೇಳುವುದೇ ಇಲ್ಲ ಎಂಬುದು ಅಂದೇ ತಲೆಗೆ ಹೋದದ್ದು. ಒಳಕೋಣೆಯಲ್ಲಿ ಅಮ್ಮ ಆ ತೀರ್ಪನ್ನು ಪೂರ್ತಿಯಾಗಿ ಕೇಳಿಸಿಕೊಂಡಿದ್ದಳು. ಮೇಲ್ಮನವಿಗೂ ಹೋಗದೆ ಒಪ್ಪಿಕೊಂಡು ಮಲಗಿದ್ದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

"ಅದು ನಿನ್ನ ಬಗ್ಗೆ ಅಲ್ಲಮ್ಮ, ಆಮೆ ಬಗ್ಗೆ," ಎಂದೆ. ಸುಳ್ಳು ಹೇಳುವವರೂ ಇದಕ್ಕಿಂತ ನಂಬುವ ಹಾಗೆ ಹೇಳುತ್ತಾರೆ. ಮೊಬೈಲ್ ತೆಗೆದು ಆಮೆಯನ್ನು ತೋರಿಸಿದೆ, ನಾಲ್ಕು ಜಾತಿಗಳನ್ನು ವಿವರಿಸಿದೆ, ನನ್ನದೇ ಧ್ವನಿಯನ್ನು ಮತ್ತೆ ಕೇಳಿಸಿದೆ. ಮಗಳು ಸಂಜೆಯೆಲ್ಲ ಮಾಡುತ್ತಿದ್ದುದು ಪೇಪರ್ ತಿದ್ದುವ ಕೆಲಸವಲ್ಲ ಎಂಬುದು ಆಗ ಅಮ್ಮನಿಗೆ ಗೊತ್ತಾಯಿತು. ಅದಕ್ಕೆ ಬೇರೆಯಾಗಿ ಬೈಗುಳ ಬಿತ್ತು.

ಆಮೇಲೆ ಕನ್ನಡಕ ಹಾಕಿಕೊಂಡು ಆಮೆಯನ್ನು ದಿಟ್ಟಿಸಿದಳು. "ಪಾಪ, ಒರಳುಕಲ್ಲು ಹೊತ್ಕೊಂಡಂಗೈತೆ. ಎಷ್ಟು ಸಲ ಆಡ್ಸಿ ನೋಡ್ದೆ?"

"ಒಂದು ಸಲಾನೂ ಇಲ್ಲ. ಅಂಕಿ ನೋಡಿದ್ರೆ ಗೊತ್ತಾಗುತ್ತೆ."

"ಆಡ್ಸದೇನೇ ನಡಿಯಲ್ಲ ಅಂದ್ಯಾ?"

ಅಮ್ಮ ಹಾಸಿಗೆಯ ಮೇಲೆ ಎದ್ದು ಕುಳಿತಳು. ಎಂಟು ದಿನದಲ್ಲಿ ಅದೇ ಮೊದಲು. "ಒಂದು ಕೆಲಸ ಮಾಡು. ನೀನು ಅದನ್ನ ಒಂದು ಆಟ ಆಡ್ಸು, ನಾನು ಒಂದು ಸಲ ಬಾಗಿಲ ತನಕ ಹೋಗ್ಬರ್ತೀನಿ. ಯಾರು ನಡೀತಾರೋ ನೋಡೇ ಬಿಡೋಣ," ಎಂದಳು.

ಹೀಗೆ ಒಪ್ಪಂದವಾಯಿತು. ದಿನಕ್ಕೆ ಎರಡು ಆಟ, ಬಾಗಿಲಿಗೆ ಎರಡು ಸಲ. ಇಲ್ಲಿ ಆಮೆ ಒಂದಾದರೂ ಗೆದ್ದಿತು ಎಂದು ಬರೆಯಲು ನನಗೂ ಆಸೆ, ಆದರೆ ಅದು ಗೆಲ್ಲಲಿಲ್ಲ. ಮೊದಲ ದಿನ ಸೋತಿತು, ಎರಡನೆಯ ದಿನ ಸೋತಿತು, ಮಾಲೂರಿನ ಹೊಸಬನ ಕೈಯಲ್ಲೂ ಸೋತಿತು. ನನ್ನ ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ಅಮ್ಮ ಮಾತ್ರ ಪ್ರತಿ ಸೋಲಿಗೂ ವಾಕರ್ ಎಳೆದುಕೊಂಡು ಎದ್ದು, "ನಿಂಗೆ ಆಡ್ಸೋಕೆ ಬರಲ್ಲ ಕಣೇ, ಅದರ ತಪ್ಪೇನೂ ಇಲ್ಲ," ಎನ್ನುತ್ತ ಬಾಗಿಲ ಕಡೆ ಹೊರಡುತ್ತಿದ್ದಳು. ಬಾಗಿಲು ಮೆಟ್ಟಿಲಾಯಿತು, ಮೆಟ್ಟಿಲು ಗೇಟಾಯಿತು.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ತೋಳಿನ ಮೇಲೆ ಕನಕಾಂಬರದ ದಂಡೆ ಇಟ್ಟು ಅಳೆಯುತ್ತ ಹೂವಿನವಳ ಜೊತೆ ತೆಲುಗಿನಲ್ಲಿ ಜಗಳಕ್ಕೆ ನಿಂತಿದ್ದಳು. "ಇದೇನಾ ನೀ ಮೂರ?" ಇದೇನಾ ನಿನ್ನ ಮೊಳ ಎಂದು. ಅಲ್ಲಿಗೆ ಹೋಗಲು ಅವಳು ನನ್ನನ್ನು ಕರೆದೂ ಇರಲಿಲ್ಲ, ಅಂದಿನ ಆಟ ಇನ್ನೂ ಶುರುವಾಗಿರಲಿಲ್ಲ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಅಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. ಚಪ್ಪಲಿ ಅಂಗಡಿಯ ಸಾಹೇಬರು. ನಾನು ಅವರ ಆಮೆಯನ್ನು ದಿನವೂ ಆಡಿಸುತ್ತಿರುವ ಸುದ್ದಿ ಕಿವಿಗೆ ಬಿದ್ದಿತ್ತು. "ಏನ್ ಮೇಡಂ, ಕೊನೆಗೂ ನಡೀತದಾ?" ಎಂದು ಕೇಳಿದ್ದರು.

ಕಣ್ಣು ಗೇಟಿನ ಕಡೆಯೇ ಇತ್ತು. "ನಡೀತಾಳೆ," ಎಂದು ಒತ್ತಿ ಕಳಿಸಿದೆ.

ತಕ್ಷಣ ಉತ್ತರ ಬಂತು: "ಅರೆ, ನಮ್ ಆಮೆ ಹೆಣ್ಣಾ ಮೇಡಂ? ಇಷ್ಟ್ ದಿನ ಹೇಳ್ಲೇ ಇಲ್ಲ!"