ನಮ್ಮಪ್ಪ ಸಿಗ್ನಲ್

ಇದು ಹೀಗೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಅಕ್ಕ ಒಂದು ರೀತಿ ಹೇಳುತ್ತಾಳೆ, ಭಾವ ಇನ್ನೊಂದು ರೀತಿ, ನನ್ನ ತಲೆಯೊಳಗೆ ಮೂರನೆಯದೊಂದು ಇದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಕಲಿತದ್ದು ಇಷ್ಟೇ: ಕಣ್ಣಾರೆ ಕಂಡೆ ಎನ್ನುವವರನ್ನು ಸುಲಭಕ್ಕೆ ನಂಬಬಾರದು. ಅಂಥವರಲ್ಲಿ ನಾನೂ ಒಬ್ಬ ಎಂಬುದು ಆಮೇಲೆ ತಿಳಿಯಿತು. ಅಂದು ಸಭಾಭವನದ ಗೋಡೆಗೆ ಒರಗಿ ನಿಂತಿದ್ದ ಭಾವ ಬೆರಳು ಎತ್ತಿದನೋ ಇಲ್ಲವೋ, ನನಗೆ ಖಚಿತವಿಲ್ಲ. ಎತ್ತಿದ ಹಾಗೆ ನೆನಪು. ಆ ನೆನಪನ್ನು ಮೂರು ವರ್ಷಗಳಲ್ಲಿ ಎಷ್ಟು ಸಲ ಹೊರಗೆ ತೆಗೆದು ಒರೆಸಿಟ್ಟಿದ್ದೇನೆಂದರೆ, ಈಗ ಅದು ತೀರ ಹೊಳೆಯುತ್ತದೆ. ಹೊಳೆಯುವ ನೆನಪಿನ ಮೇಲೆ ನನಗೆ ಅನುಮಾನ.

ಅಕ್ಕನ ಮನೆ ಗೋವಾದ ಮಂಗೋರ್ ಹಿಲ್‌ನಲ್ಲಿ, ಬಂದರಿಗೆ ದುಡಿಯಲು ಬಂದ ಕನ್ನಡದವರ ಓಣಿಯೊಂದರಲ್ಲಿ. ಕಾಲೇಜಿನಲ್ಲಿ ಗುತ್ತಿಗೆಯ ಪಾಠ ನಿಂತ ಮೇಲೆ ನಾನು ಗೋವಾಕ್ಕೆ ಬಂದು ಒಂದು ಸಾಗಣೆ ಕಚೇರಿಯಲ್ಲಿ ಬಿಲ್ಲು ಬರೆಯುತ್ತಿದ್ದೆ, ಅವರ ಮಾಳಿಗೆಯ ತಗಡಿನ ಕೋಣೆಯಲ್ಲಿ ಇರುತ್ತಿದ್ದೆ. ಭಾವ ಬಂದರಿನಲ್ಲಿ ಕ್ರೇನಿಗೆ ಸನ್ನೆ ತೋರಿಸುವವನು. ಮೇಲೆ ಕುಳಿತ ಕ್ರೇನಿನವನಿಗೆ ಹಡಗಿನ ಒಳಗು ಕಾಣುವುದಿಲ್ಲ, ಕೆಳಗೆ ನಿಂತ ಭಾವನ ಕೈ ನೋಡಿಯೇ ಅವನು ನಡೆಯಬೇಕು. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ‘ಹಾಪೀಸ್’, ಅಂದರೆ ಎತ್ತು. ಅಂಗೈ ಕೆಳಗೆ ಮಾಡಿ ತಟ್ಟಿದರೆ ‘ಆರಿಯಾ’, ಇಳಿಸು. ಮುಷ್ಟಿ ಹಿಡಿದರೆ ನಿಲ್ಲಿಸು. ಈ ಮಾತುಗಳು ಯಾವ ಕಾಲದ ಯಾವ ಹಡಗಿನಿಂದ ಇಳಿದವೋ ಅವನಿಗೂ ಗೊತ್ತಿಲ್ಲ. ಮನೆಯಲ್ಲಿ ಗ್ಯಾಸಿನ ಉರಿಗೂ ಅವೇ. “ಆರಿಯಾ ಮಾಡವ್ವ, ಹಾಲು ಉಕ್ಕಾಕತ್ತೇತಿ” ಎಂದು ಅಕ್ಕ ಮಗಳಿಗೆ ಕೂಗುತ್ತಿದ್ದಳು. ಭಾವನ ಕೆಲಸಕ್ಕೆ ಓಣಿಯಲ್ಲೆಲ್ಲ ಒಂದೇ ಹೆಸರು: ಸಿಗ್ನಲ್. ಅವನು ಯಾರು ಎಂದರೆ, “ಅಂವ ಸಿಗ್ನಲ್ ಅದಾನ್ರಿ.”

ಮಗಳು ಏಳನೆಯ ತರಗತಿಯಲ್ಲಿದ್ದಾಗ ಇಂಗ್ಲಿಷ್ ಶಾಲೆಯಲ್ಲಿ ಎಲ್ಲರನ್ನೂ ಎಬ್ಬಿಸಿ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರಂತೆ. ಇವಳು ಎದ್ದು ನಿಂತು, “ಮೈ ಫಾದರ್ ಈಸ್ ಸಿಗ್ನಲ್” ಎಂದಳು. ಮನೆಯ ಮಾತನ್ನು ಇದ್ದಹಾಗೇ ಇಂಗ್ಲಿಷಿಗೆ ಹಾಕಿದ್ದಳು. ಮೊದಲು ನಕ್ಕದ್ದು ಟೀಚರೇ ಅಂತೆ. “ರೆಡ್ ಆರ್ ಗ್ರೀನ್?” ಎಂದು ಕೇಳಿದ್ದೂ ಅವರೇ. ವ್ಯಾಕರಣ ತಿದ್ದಬೇಕಾದವರು ಹಾಸ್ಯ ಮಾಡುವ ಅವಕಾಶ ಬಿಡಲಿಲ್ಲ. ಆಮೇಲೆ ಹುಡುಗರು ಇವಳು ಎದುರಾದರೆ ನಿಂತುಬಿಡುವುದು, ಹಾರ್ನ್ ಹೊಡೆಯುವುದು. ಹುಡುಗಿ ಮೊದಲು ಶಾಲೆಯಲ್ಲಿ ಬಾಯಿ ಮುಚ್ಚಿದಳು, ಆಮೇಲೆ ಕಿರಾಣಿ ಅಂಗಡಿಯಲ್ಲಿ, ಕೊನೆಗೆ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೂ ಉತ್ತರವಿಲ್ಲ. ಮನೆಯೊಳಗೆ ಮಾತ್ರ ಮಾತು.

ಭಾವ ಅವಳನ್ನು ಶಾಲೆ ಬಿಡಿಸಿದ. ಮನೆಯಲ್ಲೇ ಓದಿ ಖಾಸಗಿಯಾಗಿ ಪರೀಕ್ಷೆ ಕಟ್ಟುವ ದಾರಿ ಇದೆ ಎಂದು ನಾನೇ ಹೇಳಿದ್ದೆ. ಗಣಿತ, ಇತಿಹಾಸ ನನ್ನದು, ಕನ್ನಡ ಅಕ್ಕನದು. ಎಲ್ಲ ಸರಿಯಾಗೇ ಇತ್ತು, ಭಾವನ ಅಣ್ಣ ಬಾಯಿ ಹಾಕುವವರೆಗೆ. ಆತ ಸಿಂದಗಿ ಕಡೆ ಗೊಬ್ಬರದ ಅಂಗಡಿ ಇಟ್ಟವನು, ಎಲ್ಲ ಸಮಾರಂಭಗಳಲ್ಲೂ ವೇದಿಕೆಯ ಮೇಲೆ ಒಂದು ಕುರ್ಚಿ ಬೇಕೆನ್ನುವವನು. ಫೋನಿನಲ್ಲಿ ಅವನ ದನಿ ಪಕ್ಕದ ಮನೆಗೂ ಕೇಳುತ್ತಿತ್ತು.

“ಸಾಲಿ ಬಿಡಿಸಿ ಮನ್ಯಾಗ ಕುಂಡ್ರಿಸೀರಿ. ನಾಳೆ ಮೂಕಿ ಆಗ್ತಾಳ, ಯಾರ ಮಾಡ್ಕೊಂತಾರ? ಜೂನ್‌ಕ ನನ್ನ ಕಡೆ ಕಳ್ಸು, ಹಾಸ್ಟೆಲ್‌ದಾಗ ಹಾಕ್ತೀನಿ.”

ಭಾವ ಜೀವನದಲ್ಲಿ ಅಣ್ಣನಿಗೆ ಎದುರಾಡಿದವನಲ್ಲ. “ಹೌದಣ್ಣ, ಹೌದಣ್ಣ” ಎನ್ನುತ್ತಲೇ ಕೊನೆಗೆ ಒಂದು ಒಪ್ಪಂದಕ್ಕೆ ಬಂದ. ಬಸವ ಜಯಂತಿಗೆ ಓಣಿಯವರ ಸಮಾರಂಭ ಇರುತ್ತದೆ, ಅಣ್ಣ ಬರಬೇಕು, ಹುಡುಗಿ ಮಂದಿ ಮುಂದೆ ನಾಲ್ಕು ಮಾತು ಆಡಿದರೆ ಇಲ್ಲೇ ಉಳಿಯುತ್ತಾಳೆ. ಆಡದಿದ್ದರೆ ದೊಡ್ಡಪ್ಪನ ಜೊತೆ ಅಂದೇ ಬಸ್ಸು ಹತ್ತಬೇಕು. ಇದನ್ನು ಕೇಳಿದ ಹುಡುಗಿ ಅಳಲಿಲ್ಲ. ಲೆಕ್ಕ ಮಾಡುತ್ತ ಕುಳಿತವಳು ನನ್ನನ್ನು ಕೇಳಿದ್ದು ಒಂದೇ: “ಮಾಮಾ, ಹಾಸ್ಟೆಲ್‌ದಾಗೂ ಕೇಳ್ತಾರೇನ್ರಿ, ಅಪ್ಪ ಏನ್ ಮಾಡ್ತಾನ ಅಂತ?”

ಹೀಗೆ ಆ ಮನೆಯಲ್ಲಿ ಭಾಷಣ ಕಲೆ ಹೊಕ್ಕಿತು. ಗುರು ಫೋನಿನಲ್ಲಿದ್ದ. ಕೋಟು ಹಾಕಿದ ಒಬ್ಬ ಮನುಷ್ಯ, ಹಲ್ಲು ತೀರ ಬಿಳಿ. “ಮೊದಲು ನಗಿರಿ. ಆಮೇಲೆ ಕಣ್ಣಿನಲ್ಲಿ ಕಣ್ಣಿಡಿ. ಕೈಗಳು ಮಾತಾಡಲಿ” ಎಂದು ಅವನು ಹೇಳುತ್ತಿದ್ದ. ಹೇಳಲು ಏನಾದರೂ ಇರಬೇಕು ಎಂಬ ಮಾತು ಅವನ ಯಾವ ಪಾಠದಲ್ಲೂ ಬರಲಿಲ್ಲ. ನಾನು ಇದನ್ನು ಎತ್ತಿ ತೋರಿಸಿದಾಗ ಭಾವ, “ನೀವು ಎಮ್ಮೆ ಮಾಡೀರಿ, ನಮಗ ಮಾತು ಬರೂದಿಲ್ಲ, ಕಲೀತೀವಿ ಬಿಡ್ರಿ” ಎಂದ. ನನ್ನ ಎಂ.ಎ. ಆ ಮನೆಯಲ್ಲಿ ಯಾವಾಗಲೂ ಎಮ್ಮೆಯೇ.

ಊಟವಾದ ಮೇಲೆ ತರಗತಿ. ಊಟದ ಮಣೆಯೇ ವೇದಿಕೆ, ಸೌಟೇ ಮೈಕು. ಮಣೆಯ ಮೇಲೆ ನಿಂತವರು ಮಾತಾಡಬೇಕು, ಉಳಿದವರು ಕೊನೆಗೆ ಚಪ್ಪಾಳೆ ಹೊಡೆಯಲೇಬೇಕು. ಮೊದಲು ಭಾವ. “ವೇದಿಕೆಯ ಮೇಲೆ ಆಸೀನರಾದ ಗಣ್ಯರೇ” ಎಂದು ಗ್ಯಾಸ್ ಸಿಲಿಂಡರಿಗೆ ಕೈ ಮುಗಿದ. ಅಷ್ಟರವರೆಗೆ ಸರಿ. ಆಮೇಲೆ ಕೋಟಿನವನು ಹೇಳಿದಂತೆ ಕೈಗಳು ಮಾತಾಡತೊಡಗಿದವು. ಆದರೆ ಆ ಕೈಗಳಿಗೆ ಗೊತ್ತಿದ್ದದ್ದು ಬಂದರಿನ ಮಾತು ಮಾತ್ರ. ‘ಸಮಾಜದ ಏಳಿಗೆ’ ಎಂದಾಗ ಅಂಗೈ ಕೆಳಗೆ ಇಳಿಯಿತು, ‘ದುಶ್ಚಟಗಳು ಅಳಿಯಲಿ’ ಎಂದಾಗ ಬೆರಳು ಮೇಲೆ ತಿರುಗಿತು.

“ಅಪ್ಪಾ, ಭಾಷಣ ಮಾಡಾಕತ್ತೀಯೋ, ಕಂಟೇನರ್ ಇಳ್ಸಾಕತ್ತೀಯೋ?” ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು.

“ಸಮಾಜಾನ ಆರಿಯಾ ಮಾಡಿದ್ಯಲ್ಲೋ ಮಾರಾಯಾ!” ಎಂದಳು ಅಕ್ಕ.

ಅಕ್ಕನ ಸರದಿ ಬಂದಾಗ ಅವಳು ನೀರಿನ ಟ್ಯಾಂಕರಿನವನನ್ನು ಬೈದಳು. ಸೌಟಿನಿಂದ ತೋರಿಸಿ, ಹೆಸರು ಹಿಡಿದು, ಅವನ ಅಪ್ಪನ ಕಾಲದಿಂದ ಶುರುಮಾಡಿ ಬೈದಳು. ಕೋಟಿನವನು ಕೇಳಿದ್ದರೆ ನಪಾಸು ಮಾಡುತ್ತಿದ್ದ. ಒಂದು ಸಲವೂ ನಗಲಿಲ್ಲವಲ್ಲ. ನನ್ನನ್ನೂ ಎಳೆದು ನಿಲ್ಲಿಸಿದರು. ಪ್ರತಿ ವಾಕ್ಯವೂ ‘ಆದರೆ’ಯಲ್ಲಿ ಮುರಿಯಿತಂತೆ. “ಇಂವಗ ‘ಆದ್ರ’ ಬಿಟ್ರ ಮುಂದ ದಾರಿನ ಇಲ್ಲ” ಎಂದು ಅಕ್ಕ ತೀರ್ಪು ಕೊಟ್ಟಳು. ಹುಡುಗಿ ಮಾತ್ರ ಮಣೆಯ ಮೇಲೆ ಹಕ್ಕಿಯ ಹಾಗೆ ಮಾತಾಡುತ್ತಿದ್ದಳು. ದನಿ ತಗ್ಗಿದಾಗ ಭಾವ ಬೆರಳು ತಿರುಗಿಸುತ್ತಿದ್ದ, ಅವಳು ದನಿ ಎತ್ತುತ್ತಿದ್ದಳು. ತೀರ ಕಿರುಚಿದರೆ ಅಂಗೈ ತಟ್ಟುತ್ತಿದ್ದ. ಮನೆಯವರ ಮುಂದೆ ಮಾತಾಡುವುದಕ್ಕೂ ಮಂದಿಯ ಮುಂದೆ ಮಾತಾಡುವುದಕ್ಕೂ ಸಂಬಂಧವೇ ಇಲ್ಲ ಎಂಬುದು ನನ್ನ ವಾದವಾಗಿತ್ತು.

ಭಾಷಣದ ವಿಷಯವನ್ನು ಭಾವ ಫೋನಿನಿಂದಲೇ ಇಳಿಸಿಕೊಂಡಿದ್ದ: ‘ಶಿಕ್ಷಣದ ಮಹತ್ವ’. ಶಾಲೆ ನಗೆಗೀಡು ಮಾಡಿ ಹೊರಗೆ ಅಟ್ಟಿದ ಹುಡುಗಿ, ಶಾಲೆಯೇ ದೇಗುಲ, ಗುರುವೇ ದೀಪ ಎಂದು ಬಾಯಿಪಾಠ ಮಾಡುತ್ತಿದ್ದಳು. ಇದರಲ್ಲಿ ವಿಚಿತ್ರವೇನೂ ಆ ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ನಾನು ಹೇಳಿದೆ. “ಆದ್ರ ಅನ್ನೂದ ಬಿಡ್ರಿ” ಎಂದ ಭಾವ.

ಬಸವ ಜಯಂತಿಯ ದಿನ ಬೆಳಿಗ್ಗೆ ಓಣಿಯ ಸಭಾಭವನ ತುಂಬಿತ್ತು. ಅಕ್ಕ ಫೋನು ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಳು, ಭಾವ ಹಿಂದಿನ ಗೋಡೆಗೆ ಒರಗಿ ನಿಂತ. ದೊಡ್ಡಪ್ಪನನ್ನು ವೇದಿಕೆಗೆ ಕರೆಯಲಿಲ್ಲವಾದ್ದರಿಂದ ಅವನು ಮುಖ ಊದಿಸಿಕೊಂಡು ಹಿಂದೆ ಬಾಗಿಲ ಬಳಿ ನನ್ನ ಪಕ್ಕಕ್ಕೆ ಬಂದು ನಿಂತ. ನಮ್ಮ ತಲೆಯ ಮೇಲೆಯೇ ಒಂದು ದೊಡ್ಡ ಸ್ಪೀಕರ್ ಡಬ್ಬಿ ತೂಗುಹಾಕಿದ್ದರು. ಮುಖ್ಯ ಅತಿಥಿ, ಒಬ್ಬ ಸ್ಥಳೀಯ ಮುಖಂಡ, ಅದರೊಳಗಿಂದ ಕನ್ನಡಿಗರೆಲ್ಲ ನಮ್ಮ ಅಣ್ಣತಮ್ಮಂದಿರು ಎಂದು ಕೊಂಕಣಿಯಲ್ಲಿ ಗುಡುಗಿದ. ಈ ಸಂಬಂಧ ಅವನಿಗೆ ಚುನಾವಣೆಯಿಂದ ಚುನಾವಣೆಗೆ ನೆನಪಾಗುತ್ತದೆ. ಮಾತು ಮುಗಿಸಿ ಬೆವರು ಒರೆಸಿಕೊಂಡಾಗ ಕಾರ್ಯಕರ್ತರು ಓಡಿಹೋಗಿ ಒಂದು ಸ್ಟ್ಯಾಂಡ್ ಫ್ಯಾನ್ ಹೊತ್ತು ತಂದು ಅವನ ಮುಂದೆ ನಿಲ್ಲಿಸಿದರು. ಆಗಲೇ ನಮ್ಮ ಹುಡುಗಿಯ ಹೆಸರು ಕರೆದದ್ದು.

ಹೋಗಿ ನಿಂತಳು. ನಗಲಿಲ್ಲ. ತುಟಿ ಅಲ್ಲಾಡಿತು. “ಶಿಕ್ಷಣ...” ಎಂದಳೇನೋ, ನಮಗೆ ಮುಟ್ಟಲಿಲ್ಲ. “ಕೇಳವಲ್ದವ್ವಾ!” ಎಂದು ಯಾರೋ ಕೂಗಿದರು. ಅವಳು ಬಾಯಿ ಮುಚ್ಚಿದಳು. ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದು, ಕರುಣೆಯಿಂದ ಎಂಬಂತೆ, “ಆತು ನೋಡ್ರಿ. ಬ್ಯಾಗ್ ಕಟ್ಟಾಕ ಹೇಳ್ರಿ” ಎಂದ.

ಇಲ್ಲಿಯೇ ನನ್ನ ನೆನಪು ಎಡವುವುದು. ಭಾವನ ಬಲಗೈ ಮೇಲೆದ್ದಿತು, ತೋರುಬೆರಳು ನಿಧಾನವಾಗಿ ತಿರುಗಿತು: ಹಾಪೀಸ್. ಹಾಗೆಂದು ನಾನು ಹೇಳುತ್ತೇನೆ. ತಾನು ಕೈಕಟ್ಟಿ ನಿಂತಿದ್ದೆ, ಹೆದರಿಕೆಗೆ ಕೈ ಏಳಲೇ ಇಲ್ಲ ಎನ್ನುತ್ತಾನೆ ಭಾವ. ಅಪ್ಪನ ಕಡೆ ನೋಡಿದೆ ಅಷ್ಟೇ ಎನ್ನುತ್ತಾಳೆ ಹುಡುಗಿ. ಏನಾದರೂ ಆಗಿರಲಿ, ಅವಳು ತಲೆ ಎತ್ತಿದಳು.

“ಅಲ್ಲಿ ಗ್ವಾಡಿಗೆ ನಿಂತಾನಲ್ಲ, ಅಂವ ನಮ್ಮಪ್ಪ. ನಮ್ಮಪ್ಪ ಸಿಗ್ನಲ್ ಅದಾನ.”

ಜನ ತಿರುಗಿ ನೋಡಿದರು. ಬಂದರಿನವರು ಕೆಲವರು ನಕ್ಕರು, ಆದರೆ ಅದು ಬೇರೆ ನಗು.

“ಹಡಗದಾಗಿನ ಮಾಲು ಕ್ರೇನಿನಾಂವಗ ಕಾಣೂದಿಲ್ಲ. ನಮ್ಮಪ್ಪಗ ಕಾಣ್ತದ. ಅಂವ ಬಾಯಿ ಬಿಡೂದಿಲ್ಲ, ಕೈ ಎತ್ತತಾನ, ಅಷ್ಟು ದೊಡ್ಡ ಕ್ರೇನು ಕೇಳ್ತದ. ಅಂವ ತಪ್ಪಿದ್ರ ಕೆಳಗಿನ ಮಂದಿ ಸಾಯ್ತಾರ. ಇನ್ನೂ ಯಾರೂ ಸತ್ತಿಲ್ಲ. ನನಗ ಇಷ್ಟ ಹೇಳೂದಿತ್ತು.”

ಯಾರೋ “ಹಾಪೀಸ್!” ಎಂದು ಕೂಗಿದರು, ಸಿಳ್ಳೆ ಬಿದ್ದವು. ಶಿಕ್ಷಣದ ಮಹತ್ವ ಅಲ್ಲಿಗೆ ಮುಗಿಯಿತು.

ಹುಗ್ಗಿಯ ಪಂಕ್ತಿಯಲ್ಲಿ ದೊಡ್ಡಪ್ಪ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟ. “ಇದು ಭಾಷಣ ಏನು? ಗಣ್ಯರಿಗೆ ನಮಸ್ಕಾರಿಲ್ಲ, ಬಸವಣ್ಣನ ಹೆಸರಿಲ್ಲ. ಮತ್ತ ಮೈಕ್ ಹಿಡದ್ರ ಯಾರರ ಮಾತಾಡ್ತಾರ. ಒದರಿದ್ದು ಆ ಡಬ್ಬಿ, ಹುಡುಗಿ ಅಲ್ಲ. ಸಂಜಿ ಬಸ್ಸಿಗೆ ಅಕಿನ್ನ ತಯಾರ ಮಾಡ್ರಿ.”

“ಮೈಕ್ ಬಂದ್ ಇತ್ರಿ” ಎಂದಳು ಅಕ್ಕ.

“ಏನ್ ಬಂದ್? ನಾ ಏನ್ ಕಿವುಡ ಏನು? ನಮ್ಮ ತಲಿ ಮ್ಯಾಲ ಒದರಾಕತ್ತಿತ್ತು. ಕೇಳ್ರಿ ಬೇಕಾರ ಎಮ್ಮೆ ಸಾಹೇಬ್ರನ.”

ಅಂದು ನಾನು ಅಕ್ಕನ ಪರ ನಿಲ್ಲಲಿಲ್ಲ. ಯಾಕೆಂದರೆ ನನಗೂ ಆ ದನಿ ತಲೆಯ ಮೇಲಿನಿಂದಲೇ ಬಂದ ಹಾಗೆ ನೆನಪು. ಆ ಮನುಷ್ಯನ ಎಲ್ಲ ಮಾತುಗಳಲ್ಲಿ ಒಪ್ಪಬಹುದಾದದ್ದು ಇದೊಂದೇ ಎಂದೂ ಅನಿಸಿತ್ತು.

ಆಗ ಭಾವ ಮುಷ್ಟಿ ಹಿಡಿದು ಮೇಲೆತ್ತಿದ. ದೊಡ್ಡಪ್ಪ ಬೆಚ್ಚಿ ಹಿಂದೆ ಸರಿದ, ಹುಗ್ಗಿ ಅಂಗಿಯ ಮೇಲೆ ಬಿತ್ತು.

“ನನಗ ಮುಷ್ಟಿ ತೋರ್ಸ್ತೀ ಏನೋ?”

“ಹೊಡ್ಯಾಕಲ್ರಿ ದೊಡ್ಡಪ್ಪ” ಎಂದಳು ಹುಡುಗಿ. “ನಿಲ್ಲಿಸ್ರಿ ಅಂತ.”

“ಹೌದಣ್ಣ, ನಿಲ್ಸು” ಎಂದ ಭಾವ. ಮುಷ್ಟಿ ಕೆಳಗಿಳಿಸಲಿಲ್ಲ. “ಅಕಿ ಎಲ್ಲೂ ಬರೂದಿಲ್ಲ.”

ಅವನ ಇಡೀ ತರಬೇತಿಯಲ್ಲಿ ಕೈಯೂ ಮಾತೂ ಒಂದೇ ಅರ್ಥ ಹೇಳಿದ್ದು ಅದೊಂದೇ ಸಲ. ದೊಡ್ಡಪ್ಪ ಸಂಜೆ ಒಬ್ಬನೇ ಬಸ್ಸು ಹತ್ತಿದ. ಈಗಲೂ ಊರಲ್ಲಿ, ತಮ್ಮ ಹೊಡೆಯಲು ಬಂದಿದ್ದ ಎಂದು ಹೇಳಿಕೊಂಡು ತಿರುಗುತ್ತಾನಂತೆ. ಹುಡುಗಿ ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಮಾತಿನ ಮಲ್ಲಿಯೇನೂ ಆಗಿಲ್ಲ, ಅಂಗಡಿಗೆ ಕಳಿಸಿದರೆ ಒಮ್ಮೊಮ್ಮೆ ಈಗಲೂ ಬೆರಳು ತೋರಿಸಿಯೇ ಸಾಮಾನು ತರುತ್ತಾಳೆ. ಕೋಟಿನವನನ್ನು ಫೋನಿನಿಂದ ತೆಗೆದುಹಾಕಿದ್ದಾರೆ, ಮಣೆಯ ಮೇಲೆ ಮತ್ತೆ ಊಟಕ್ಕೆ ಕೂರುತ್ತಾರೆ.

ಆದರೆ ಮೈಕಿನ ಮಾತು ನನ್ನನ್ನು ಬಿಡಲಿಲ್ಲ. ಮೈಕು ಬಂದ್ ಇತ್ತೆಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು, ಮಗಳ ಮೇಲಿನ ಮೋಹ ಹಾಗೆ ಆಡಿಸುತ್ತಿದೆ ಎಂದು ನಾನು ಒಳಗೇ ನಗುತ್ತಿದ್ದೆ. ಕಳೆದ ತಿಂಗಳು, ಅವಳ ಬಾಯಿ ಮುಚ್ಚಿಸಲೆಂದೇ, ಅವಳ ಹಳೆಯ ಫೋನು ಚಾರ್ಜಿಗೆ ಹಾಕಿ ಅಂದಿನ ವಿಡಿಯೋ ಹುಡುಕಿದೆ. ಭಾವನ ಬೆರಳು ಅದರಲ್ಲಿಲ್ಲ. ಕ್ಯಾಮೆರಾ ವೇದಿಕೆಗೆ ಮುಖ ಮಾಡಿದೆ, ಭಾವ ಅದರ ಬೆನ್ನಿಗಿದ್ದಾನೆ. ಆದರೆ ವೇದಿಕೆಯ ಮೂಲೆಯಲ್ಲಿ ಮೈಕಿನ ಪೆಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ. ಅತಿಥಿಯ ಮುಂದೆ ಫ್ಯಾನು ಇಟ್ಟ ಕಾರ್ಯಕರ್ತ ಬಾಗಿ ಆ ಪೆಟ್ಟಿಗೆಯ ಪ್ಲಗ್ಗು ಕೀಳುತ್ತಾನೆ, ಅದೇ ತೂತಿಗೆ ಫ್ಯಾನಿನದು ಸಿಕ್ಕಿಸುತ್ತಾನೆ. ಪೆಟ್ಟಿಗೆಯ ಕೆಂಪು ದೀಪ ಆರುತ್ತದೆ, ಫ್ಯಾನು ತಿರುಗುತ್ತದೆ, ಹುಡುಗಿ ಬಂದು ನಿಲ್ಲುತ್ತಾಳೆ. ಅವಳು ಮುಗಿಸಿ ಇಳಿದ ಮೇಲೆ ನಿರೂಪಕ ಮೈಕು ತಟ್ಟಿ ಹಲೋ ಹಲೋ ಎನ್ನುತ್ತಾನೆ, ಏನೂ ಕೇಳುವುದಿಲ್ಲ, ಯಾರೋ ಓಡಿಬಂದು ಪ್ಲಗ್ಗು ಬದಲಿಸುತ್ತಾರೆ, ಆಮೇಲೆ ಡಬ್ಬಿ ಒದರುತ್ತದೆ. ಹಿಂದೆ ಮುಂದೆ ಮಾಡಿ ನೋಡಿದೆ. ಅವಳು ಮಾತಾಡಿದಷ್ಟು ಹೊತ್ತೂ ಆ ದೀಪ ಆರಿಯೇ ಇತ್ತು.