ಉಪ್ಪಿನ ಜೀವಕ್ಕೆ ಸೀನೀರು

ಎಂಬತ್ತರ ದಶಕದ ಮಾತು. ಉಪ್ಪಿನಲ್ಲೇ ಬದುಕುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವದ ಮೇಲೆ ನನ್ನ ಸಂಶೋಧನೆ. ಆ ಕಿಣ್ವವೂ ಉಪ್ಪಿಲ್ಲದೆ ಕೆಲಸ ಮಾಡದು. ಬೇಸಿಗೆಯೆಲ್ಲ ಅಲೆದ ಮೇಲೆ ಪಾವಗಡದ ಉಪ್ಪುಗಟ್ಟಿದ ಚೌಳು ನೆಲದಲ್ಲಿ ಅವು ಇರುವ ಕಾಲು ಸೀಸೆ ಕೆಸರು ಸಿಕ್ಕಿತ್ತು. “ಒಳಗೆ ಜೀವ ಇದೆ, ಜೋಪಾನ” ಅಂತ ನಾನು ಉಳಿದುಕೊಂಡಿದ್ದ ಮನೆಯಾಕೆಯ ಕೈಗೆ ಕೊಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಸೀಸೆಯ ಬಾಯಿವರೆಗೂ ನೀರು.

“ಉಪ್ಪಲ್ಲಿ ಒದ್ದಾಡ್ತಾವಲ್ಲ ಅಂತ ಸೀನೀರು ಹುಯ್ದೆ ಕಣಣ್ಣ. ಮೈಲಿ ದೂರದಿಂದ ಹೊತ್ಕಂಡು ಬಂದಿದ್ದು” ಅಂದಳು.

“ಅಯ್ಯೋ, ಸೀನೀರು ಬಿದ್ರೆ ಅವು ಒಡೆದು ಸಾಯ್ತವೆ ತಾಯಿ!”

ಬಿಂದಿಗೆಯ ತಳ ನೋಡುತ್ತಾ ಅಂದಳು: “ಅಂಗಾರೆ ಈ ಊರಲ್ಲಿ ಹುಟ್ಟಕ್ಕೆ ಅವೇ ಸರಿ ಬುಡಿ, ನಾವಲ್ಲ.”

ಆ ಸೀಮೆಯಲ್ಲಿ ಸೀನೀರು ಸಿಕ್ಕಿ ಸತ್ತವು ಅವಷ್ಟೇ. ಉಳಿದವರದೆಲ್ಲ ಸಿಗದ ಕಥೆ.