ಬಸಪ್ಪನ ಕೈಯ ಲಾಳಿ

ಪುಣೆಯ ಗಿರಣಿಯಲ್ಲಿ ಮುಷ್ಕರ. ಅಲ್ಲಿ ನೇಯುವ ನಮ್ಮೂರಿನ ಬಸಪ್ಪ, ಊರ ಶಾಲೆಯ ಮಾಸ್ತರನಾದ ನಾನು ಅವನನ್ನು ನೋಡಲು ಬಂದಿದ್ದರಿಂದ, ಇವತ್ತು ನನ್ನನ್ನೂ ಸಭೆಗೆ ಕರೆದೊಯ್ದ. ಗೇಟಿನ ಆಚೆ ಲಾಠಿ ಹಿಡಿದ ಪೋಲೀಸರಿದ್ದರು. ಈಚೆ ಮಗ್ಗದವರು ಒಂದು ಕಡೆ, ಅಸ್ಪೃಶ್ಯ ಕೂಲಿಗಳು ಇನ್ನೊಂದು ಕಡೆ ಕುಳಿತಿದ್ದರು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಗೆ ಹೊಸ ನೂಲು ಹಾಕಿದಾಗಲೆಲ್ಲ ಅದರ ತೂತಿನಿಂದ ನೂಲನ್ನು ಬಾಯಿಂದ ಹೀರಿ ಎಳೆಯಬೇಕಂತೆ; ಒಬ್ಬರು ಬಾಯಿಗಿಟ್ಟ ಲಾಳಿ ಇನ್ನೊಬ್ಬರ ಬಾಯಿಗೂ ಹೋಗುತ್ತದೆ. ಅದಕ್ಕೇ ಆ ಕೂಲಿಗಳನ್ನು ಮಗ್ಗದ ಹತ್ತಿರ ಬಿಡುವುದಿಲ್ಲ. ಇಷ್ಟು ವರ್ಷ ಗಿರಣಿಯ ಧೋತರ ಉಟ್ಟ ನನಗೆ ಅದು ಯಾರದೋ ಎಂಜಲೆಂಬುದೇ ಗೊತ್ತಿರಲಿಲ್ಲ.

ಕೂಲಿಗಳ ಮುಖಂಡರು ಎತ್ತಿನ ಗಾಡಿ ಹತ್ತಿ ಮರಾಠಿಯಲ್ಲಿ ಮಾತಾಡಿದರು. "ನಮ್ಮವರು ಒಬ್ಬರೂ ಕೆಲಸಕ್ಕೆ ಹೋಗುವುದಿಲ್ಲ, ನಿಮ್ಮ ಜೊತೆಗಿರುತ್ತೇವೆ. ಆದರೆ ಗೆದ್ದ ಮೇಲೆ ಮಗ್ಗ ನಮಗೂ ಬೇಕು." ಜೇಬಿನಿಂದ ಲಾಳಿ ತೆಗೆದು ನೂಲು ಹೀರಿದರು. ಎಳೆಯನ್ನು ಹರಿದು, ಲಾಳಿಯನ್ನು ಮಗ್ಗದವರತ್ತ ಚಾಚಿದರು. "ಒಪ್ಪಿಗೆಯಿದ್ದವರು ಇದನ್ನು ಬಾಯಿಗಿಡಿ."

ಯಾರೂ ಅಲುಗಾಡಲಿಲ್ಲ. ಪೋಲೀಸರೂ ಇತ್ತಲೇ ನೋಡುತ್ತಿದ್ದರು.

ಬಸಪ್ಪ ಎದ್ದು ಹೋಗಿ ಲಾಳಿ ಇಸಿದುಕೊಂಡ. ಬಾಯಿಯವರೆಗೂ ಒಯ್ದವನು ತಟ್ಟನೆ ನನ್ನ ಕಡೆ ತಿರುಗಿದ. ಅಷ್ಟು ಜನರಲ್ಲಿ ಅವನಿಗೆ ಅಂಜಿಕೆ ಇದ್ದದ್ದು ನನ್ನೊಬ್ಬನದೇ.

"ಮಾಸ್ತರ, ಊರಾಗ ಹೇಳಬ್ಯಾಡ್ರಿ. ನಮ್ಮವ್ವ ಮನಿಯೊಳಗ ಬಿಟ್ಕೊಳ್ಳೂದಿಲ್ಲ."

"ಹೇಳೂದಿಲ್ಲಪಾ," ಎಂದೆ. ಅವನು ನಂಬಲಿಲ್ಲ. ಲಾಳಿ ತುಟಿಯ ಹತ್ತಿರವೇ ನಿಂತಿತ್ತು.

ನಾನು ಎದ್ದೆ. ಲಾಳಿಯನ್ನು ಅವನ ಕೈಯಿಂದ ಕಸಿದುಕೊಂಡು ಮೊದಲು ನಾನೇ ಹೀರಿದೆ. ಅಭ್ಯಾಸವಿಲ್ಲದ ಬಾಯಿಗೆ ನೂಲು ಬರಲಿಲ್ಲ, ಬರೀ ಹತ್ತಿಯ ಧೂಳು ಬಂತು. ಕೆಮ್ಮುತ್ತಲೇ ತಿರುಗಿ ಕೊಟ್ಟೆ.

"ತಗೋ. ಈಗ ನನ್ನ ಸುದ್ದಿನೂ ನಿನ್ನ ಕಡೆ ಅದ."

ಬಸಪ್ಪ ಕಣ್ಣು ಮುಚ್ಚಿ ಹೀರಿದ. ನೂಲು ಬಂತು.